ಎಚ್-4 ಇಎಡಿ ಹಾಕಿ ಐದು ತಿಂಗಳಾಯಿತು, ಆಫರ್ ಕೈಯಲ್ಲಿದೆ. ಏನು ಮಾಡುವುದು?

ನಿಮ್ಮ ಪ್ರಶ್ನೆ ಹೀಗಿದೆ. ಹೆಂಡತಿ ಎಚ್-4 ವೀಸಾದಲ್ಲಿ (ಎಚ್-1 ಅನ್ನುವ ಕೆಲಸದ ವೀಸಾದವರ ಗಂಡ ಅಥವಾ ಹೆಂಡತಿಗೆ ಸಿಗುವುದು) ಅಮೆರಿಕದ ಡಲ್ಲಾಸ್‌ಗೆ ಬಂದು ವರ್ಷವಾಯಿತು. ನಿಮ್ಮ ಐ-140, ಅಂದರೆ ಗ್ರೀನ್‌ಕಾರ್ಡಿಗಾಗಿ ಕಂಪನಿ ಹಾಕಿದ ಅರ್ಜಿ, ಅಪ್ರೂವ್ ಆಗಿದೆ. ಅವರ ಇಎಡಿಗೆ, ಅಂದರೆ ಕೆಲಸ ಮಾಡಲು ಅನುಮತಿ ಕೊಡುವ ಕಾರ್ಡಿಗೆ, ಅರ್ಜಿ ಹಾಕಿ ಐದು ತಿಂಗಳಾಗುತ್ತಾ ಬಂತು. ಒಂದು ಆಫರ್ ಬಂದಿದೆ, ಕಂಪನಿಯವರು ಎಷ್ಟು ದಿನ ಕಾಯುತ್ತಾರೋ ಗೊತ್ತಿಲ್ಲ. ಬೇಗ ಮಾಡಿಸುವ ದಾರಿ ಇದೆಯಾ? ಅಲ್ಲಿಯವರೆಗೆ ಬೆಂಗಳೂರಿನ ಹಳೇ ಕಂಪನಿಗೆ ಮನೆಯಿಂದಲೇ ಕೆಲಸ ಮಾಡಿದರೆ ತಪ್ಪಾ? ಮನೆಯಲ್ಲೇ ಇದ್ದು ಇದ್ದು ಮಂಕಾಗಿದ್ದಾಳೆ, ಏನು ಮಾಡಲಿ?

ನಾನು ವಕೀಲನಲ್ಲ. ಆದರೆ ನಿಮ್ಮ ಹೆಂಡತಿ ಈಗ ಪಡುತ್ತಿರುವ ಪಾಡನ್ನು ಪಟ್ಟವನು. ನಮ್ಮ ಮನೆಯಲ್ಲಿ ಎಚ್-1 ಹೆಂಡತಿಯದು, ಎಚ್-4 ನನ್ನದು. ಶಿವಮೊಗ್ಗ ಜಿಲ್ಲೆಯವನು, ಓದಿದ್ದು ಸಿವಿಲ್ ಇಂಜಿನಿಯರಿಂಗ್.

ಚಿಕ್ಕ ಉತ್ತರ: ಬೇಗ ಮಾಡಿಸುವ ದಾರಿ ಇಲ್ಲ ಅಂತಲೇ ಇಟ್ಟುಕೊಳ್ಳಿ. ಬೆಂಗಳೂರಿನ ಕೆಲಸ ಬೇಡವೇ ಬೇಡ. ಇವತ್ತು ರಾತ್ರಿ ಊಟ ಆದಮೇಲೆ ಹೆಂಡತಿಯ ಐ-94 (ಇಲ್ಲಿ ಯಾವ ದಿನದವರೆಗೆ ಇರಬಹುದು ಅಂತ ಹೇಳುವ ದಾಖಲೆ) ತೆಗೆದು ಅದರಲ್ಲಿರುವ ಕೊನೆಯ ದಿನಾಂಕ ನೋಡಿ. ಉಳಿದದ್ದೆಲ್ಲ ಅದರ ಮೇಲೆ ನಿಂತಿದೆ.

ಯಾಕೆ ಅಂದರೆ, ಇಎಡಿ ಕಾರ್ಡ್ ಐ-94 ಮುಗಿಯುವ ದಿನದವರೆಗೆ ಮಾತ್ರ ಸಿಗುತ್ತದೆ. ಅವರ ಐ-94 ಇನ್ನು ಎಂಟು ತಿಂಗಳಿಗೆ ಮುಗಿಯುತ್ತದೆ ಅಂದುಕೊಳ್ಳಿ. ಕಾರ್ಡ್ ಬರುವುದು ಇನ್ನೂ ಮೂರು ತಿಂಗಳಾದರೆ ಕೈಗೆ ಸಿಗುವುದು ಐದು ತಿಂಗಳ ಕೆಲಸ. ಕೆಲವರಿಗೆ ಇನ್ನೊಂದು ಫಜೀತಿ ಇದೆ. ಏರ್‌ಪೋರ್ಟ್‌ನಲ್ಲಿ ಇಳಿದಾಗ ಪಾಸ್‌ಪೋರ್ಟ್ ಬೇಗ ಮುಗಿಯುವಂತಿದ್ದರೆ ಅಧಿಕಾರಿ ಐ-94ನ್ನೂ ಪಾಸ್‌ಪೋರ್ಟ್ ದಿನಾಂಕಕ್ಕೇ ನಿಲ್ಲಿಸಬಹುದು. ಗಂಡನಿಗೆ ಮೂರು ವರ್ಷ, ಹೆಂಡತಿಗೆ ಹನ್ನೊಂದು ತಿಂಗಳು! ಎಷ್ಟೋ ಜನ ಇದನ್ನು ನೋಡಿಯೇ ಇರುವುದಿಲ್ಲ. ಗಡಿ ತಪಾಸಣೆಯ ಇಲಾಖೆ ಸಿಬಿಪಿಯ ಸೈಟಿನಲ್ಲಿ ಪಾಸ್‌ಪೋರ್ಟ್ ನಂಬರ್ ಹಾಕಿದರೆ ಎರಡು ನಿಮಿಷದಲ್ಲಿ ಸಿಗುತ್ತದೆ.

ಈಗ ಬೇಗ ಮಾಡಿಸುವ ಮಾತು. ಜಾಸ್ತಿ ಶುಲ್ಕ ಕೊಟ್ಟು ಬೇಗ ಮಾಡಿಸಿಕೊಳ್ಳುವ ಪ್ರೀಮಿಯಂ ಪ್ರೊಸೆಸಿಂಗ್ ಎಚ್-1ಗೆ ಇದೆ, ಐ-140ಗೆ ಇದೆ, ಎಚ್-4 ಇಎಡಿಗೆ ಇಲ್ಲ. ದುಡ್ಡು ಕೊಡುತ್ತೇನೆ ಅಂದರೂ ತಗೊಳ್ಳುವುದಿಲ್ಲ. ಎಕ್ಸ್‌ಪಿಡೈಟ್ (ಬೇಗ ಮುಗಿಸಿಕೊಡಿ ಅನ್ನುವ) ಕೋರಿಕೆ ಅಂತ ಒಂದಿದೆ. ಆದರೆ ಕೆಲಸ ಮಾಡಬೇಕಾಗಿದೆ ಅನ್ನುವುದೊಂದೇ ಕಾರಣ ಸಾಲದು ಅಂತ ವಲಸೆ ಅರ್ಜಿಗಳನ್ನು ನೋಡುವ ಇಲಾಖೆಯಾದ ಯುಎಸ್‌ಸಿಐಎಸ್ ನಿಯಮದಲ್ಲೇ ಬರೆದಿದೆ. ಆಫರ್ ಕೊಟ್ಟ ಕಂಪನಿಯವರೇ ಇವರು ಬರದಿದ್ದರೆ ನಮಗೆ ಭಾರೀ ನಷ್ಟ ಅಂತ ದಾಖಲೆ ಸಮೇತ ಕಾಗದ ಕೊಟ್ಟರೆ, ಅಥವಾ ಮನೆಯಲ್ಲಿ ದೊಡ್ಡ ಕಾಯಿಲೆಯಂಥ ಕಾರಣವಿದ್ದರೆ, ಕೇಳಿ ನೋಡಬಹುದು. ಅದೂ ಅವರ ಮರ್ಜಿ. ಮಾಮೂಲಿ ಅವಧಿ ದಾಟಿದ ಮೇಲೆ ಮಾತ್ರ ಆನ್‌ಲೈನಿನಲ್ಲಿ ವಿಚಾರಣೆ ಹಾಕಬಹುದು. ಅದಕ್ಕೂ ಉತ್ತರ ಸಿಗದಿದ್ದರೆ ನಿಮ್ಮ ಏರಿಯಾದ ಕಾಂಗ್ರೆಸ್ (ಅಮೆರಿಕದ ಸಂಸತ್ತು) ಸದಸ್ಯರ ಆಫೀಸಿಗೆ ಬರೆಯಿರಿ. ನಮಗೆ ಓಟಿಲ್ಲದಿದ್ದರೂ ಅವರು ಕೇಳುತ್ತಾರೆ. ಒಂದು ಪ್ರೈವಸಿ ಫಾರ್ಮಿಗೆ ನಿಮ್ಮ ಹೆಂಡತಿಯೇ ಸಹಿ ಹಾಕಬೇಕು, ಅಷ್ಟೇ. ಫೆಡರಲ್ ಕೋರ್ಟಿನಲ್ಲಿ ಮ್ಯಾಂಡಮಸ್ (ಇಲಾಖೆ ತೀರ್ಮಾನ ಕೊಡಲಿ ಅಂತ ಆದೇಶ ಕೇಳುವ ಅರ್ಜಿ) ಹಾಕುವವರೂ ಇದ್ದಾರೆ. ಐದು ತಿಂಗಳಿಗೇ ಅದು ಜಾಸ್ತಿಯಾಯಿತು ಅಂತ ನನ್ನ ಅಭಿಪ್ರಾಯ.

ದಿನಾ ಸ್ಟೇಟಸ್ ನೋಡುವುದನ್ನು ಬಿಡಿ. ತಿಂಗಳುಗಟ್ಟಲೆ "ಕೇಸ್ ತಲುಪಿದೆ" ಅಂತಲೇ ಇರುತ್ತದೆ. ಆಮೇಲೆ ಒಂದು ದಿನ ಏಕ್‌ದಂ "ಕಾರ್ಡ್ ತಯಾರಾಗುತ್ತಿದೆ" ಅಂತ ಬರುತ್ತದೆ. ಮಧ್ಯದಲ್ಲಿ ಮೆಟ್ಟಿಲುಗಳೇ ಇಲ್ಲ. ಟೆಲಿಗ್ರಾಂ ಗ್ರೂಪಿನಲ್ಲಿ ರಸೀತಿ ನಂಬರ್ ಹೋಲಿಸಿ ಲೆಕ್ಕ ಹಾಕುವವರು ಜ್ಯೋತಿಷ್ಯ ಹೇಳುವವರಿಗಿಂತ ಆತ್ಮವಿಶ್ವಾಸದಿಂದ ಮಾತಾಡುತ್ತಾರೆ. ನಂಬಬೇಡಿ. ಇಮೇಲ್ ಅಲರ್ಟ್ ಹಾಕಿಟ್ಟುಕೊಂಡರೆ ಸಾಕು.

ಅದಕ್ಕಿಂತ ಅಂಚೆಡಬ್ಬಿ ಕಡೆ ಗಮನ ಕೊಡಿ. ಅಪಾರ್ಟ್‌ಮೆಂಟಿನ ಮೇಲ್‌ಬಾಕ್ಸ್‌ನಲ್ಲಿ ನಿಮ್ಮ ಹೆಸರೊಂದೇ ಇದ್ದರೆ ಅವರ ಹೆಸರನ್ನೂ ಅಂಟಿಸಿ, ಅದೂ ಅರ್ಜಿಯಲ್ಲಿ ಇರುವ ಹಾಗೇ. ನಮ್ಮ ಕಡೆಯವರಿಗೆ ಇದು ನಿಜವಾಗಿಯೂ ತಲೆನೋವು. ಇನಿಶಿಯಲ್ ಒಂದು ಕಡೆ, ಅಪ್ಪನ ಹೆಸರು ಇನ್ನೊಂದು ಕಡೆ. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಖಾಲಿ ಬಿಟ್ಟವರಿಗೆ ವೀಸಾದಲ್ಲಿ ಮೊದಲ ಹೆಸರಿನ ಜಾಗದಲ್ಲಿ "ಎಫ್‌ಎನ್‌ಯು" (ಮೊದಲ ಹೆಸರು ಗೊತ್ತಿಲ್ಲ) ಅಂತ ಬಿದ್ದಿರುತ್ತದೆ. ಹಾಗಾಗಿ ನಿಮಗೆ ಗೊತ್ತಿರುವ ಹೆಸರೇ ಒಂದು, ಪೋಸ್ಟ್‌ಮ್ಯಾನ್ ಕೈಗೆ ಬರುವ ಕವರಿನ ಮೇಲಿನ ಹೆಸರೇ ಇನ್ನೊಂದು ಆದೀತು. ಅಮೆರಿಕದ ಅಂಚೆ ಇಲಾಖೆಯ ಇನ್‌ಫಾರ್ಮ್ಡ್ ಡೆಲಿವರಿ ಅನ್ನುವ ಪುಕ್ಕಟೆ ಸೇವೆಗೆ ಹೆಸರು ಕೊಡಿ, ಬರಲಿರುವ ಕವರಿನ ಫೋಟೋ ಬೆಳಿಗ್ಗೆಯೇ ಇಮೇಲ್‌ಗೆ ಬರುತ್ತದೆ. ಮನೆ ಬದಲಾಯಿಸಿದರೆ 10 ದಿನದೊಳಗೆ ಯುಎಸ್‌ಸಿಐಎಸ್‌ಗೆ ತಿಳಿಸಬೇಕು, ಮರೆಯಬೇಡಿ.

ಬೆಂಗಳೂರಿನ ಕೆಲಸದ ವಿಷಯ. "ಸಂಬಳ ರೂಪಾಯಿಯಲ್ಲಿ, ಬೀಳುವುದು ಇಂಡಿಯಾ ಅಕೌಂಟಿಗೆ, ಯಾರಿಗೆ ಗೊತ್ತಾಗುತ್ತದೆ?" ಅಂತ ಹೇಳುವವರು ನಿಮಗೂ ಸಿಕ್ಕಿರುತ್ತಾರೆ. ದುಡ್ಡು ಎಲ್ಲಿ ಬೀಳುತ್ತದೆ ಅನ್ನುವುದನ್ನು ಯಾರೂ ಕೇಳುವುದಿಲ್ಲ, ಕೆಲಸ ಮಾಡುವಾಗ ಅವರು ಎಲ್ಲಿ ಕೂತಿದ್ದರು ಅಂತ ಕೇಳುತ್ತಾರೆ. ಡಲ್ಲಾಸ್‌ನಲ್ಲಿ ಕೂತು ಮಾಡಿದ್ದು ಅಮೆರಿಕದಲ್ಲಿ ಮಾಡಿದ ಕೆಲಸ. ತೆರಿಗೆಯವರೂ ಅದನ್ನು ಇಲ್ಲಿಯ ಆದಾಯ ಅಂತಲೇ ನೋಡುತ್ತಾರೆ. ಮುಂದೆ ಗ್ರೀನ್‌ಕಾರ್ಡಿಗೆ ಐ-485 ತುಂಬುವಾಗ ಅನುಮತಿ ಇಲ್ಲದೆ ಕೆಲಸ ಮಾಡಿದ್ದೀರಾ ಅಂತ ನೇರ ಪ್ರಶ್ನೆ ಇದೆ. ಅಲ್ಲಿ ಸುಳ್ಳು ಬರೆದರೆ ಅದು ಕೆಲಸ ಮಾಡಿದ್ದಕ್ಕಿಂತ ದೊಡ್ಡ ತಪ್ಪು. ಹತ್ತಾರು ವರ್ಷ ಕ್ಯೂನಲ್ಲಿ ನಿಲ್ಲುವ ನಾವು ಐದಾರು ತಿಂಗಳ ಸಂಬಳಕ್ಕೆ ಅದನ್ನು ಪಣಕ್ಕಿಡುವುದು ಲೆಕ್ಕಕ್ಕೆ ಸರಿಹೋಗುವುದಿಲ್ಲ. ಪುಕ್ಕಟೆ "ಇಂಟರ್ನ್‌ಶಿಪ್" ಕೊಡುತ್ತೇವೆ ಅನ್ನುವ ಕಂಪನಿಗಳ ಸಹವಾಸವೂ ಬೇಡ. ಸಂಬಳ ಕೊಟ್ಟು ಮಾಡಿಸಬೇಕಾದ ಕೆಲಸವನ್ನು ಪುಕ್ಕಟೆ ಮಾಡಿದ ಮಾತ್ರಕ್ಕೆ ಅದು ಸ್ವಯಂಸೇವೆ ಆಗುವುದಿಲ್ಲ. ಲೈಬ್ರರಿ, ಫುಡ್ ಬ್ಯಾಂಕ್, ಕನ್ನಡ ಕೂಟದ ಮಕ್ಕಳ ಕ್ಲಾಸು, ಇವಕ್ಕೆ ಅಡ್ಡಿಯಿಲ್ಲ.

ಓದುವುದಕ್ಕೂ ಅಡ್ಡಿಯಿಲ್ಲ. ಎಚ್-4ನಲ್ಲಿ ಇದ್ದುಕೊಂಡೇ ಕಾಲೇಜಿಗೆ ಸೇರಬಹುದು, ವಿದ್ಯಾರ್ಥಿ ವೀಸಾ ಎಫ್-1 ಬೇಕಿಲ್ಲ. ನಾನು ಕಾಯುವ ಹೊತ್ತಿನಲ್ಲಿ ಎಫ್‌ಇ ಪರೀಕ್ಷೆಗೆ ಕೂತೆ. ಇಲ್ಲಿ ಲೈಸೆನ್ಸ್ ಪಡೆದ ಇಂಜಿನಿಯರ್ ಆಗಲು ಅದು ಮೊದಲ ಹೆಜ್ಜೆ, ಒಟ್ಟು 110 ಪ್ರಶ್ನೆ. ವಿಟಿಯುನಲ್ಲಿ ಓದಿದ್ದು ಮರೆತಿರಲಿಲ್ಲ. ಆದರೆ ಅಳತೆಗಳೆಲ್ಲ ತಲೆಕೆಳಗು. ನಾವು ಊರಲ್ಲಿ ಎಂ-25 ಕಾಂಕ್ರೀಟ್ ಅಂದರೆ 150 ಮಿಲಿಮೀಟರಿನ ಕ್ಯೂಬ್ ಒಡೆದು ನೋಡುತ್ತಿದ್ದೆವು. ಇಲ್ಲಿ ಸಿಲಿಂಡರ್ ಎರಕ ಹೊಯ್ದು ಒಡೆಯುತ್ತಾರೆ, ಬಲ ಹೇಳುವುದು ಚದರ ಇಂಚಿಗೆ ಎಷ್ಟು ಪೌಂಡು ಅಂತ, ಅಂದರೆ ಪಿಎಸ್‌ಐನಲ್ಲಿ. ಒಂದೇ ಕಾಂಕ್ರೀಟಿಗೆ ಕ್ಯೂಬಿನಲ್ಲಿ ಬರುವ ಅಂಕಿ ಸಿಲಿಂಡರಿನಲ್ಲಿ ಬರುವುದಿಲ್ಲ, ಕಡಿಮೆ ಬರುತ್ತದೆ. ಭಾರಕ್ಕೆ ಕಿಪ್ ಅಂತ ಒಂದು ಅಳತೆ, ಸಾವಿರ ಪೌಂಡಿಗೆ ಒಂದು ಕಿಪ್. ಇದನ್ನೆಲ್ಲ ಅಡುಗೆಮನೆ ಟೇಬಲ್ ಮೇಲೆ ಹೊಸದಾಗಿ ಕಲಿತೆ. ಆಮೇಲೆ ಇಂಟರ್‌ವ್ಯೂನಲ್ಲಿ ಕೇಳಿದ್ದು ಇದನ್ನೇ. ನಿಮ್ಮ ಹೆಂಡತಿಯ ಕ್ಷೇತ್ರ ಯಾವುದೋ ನೀವು ಬರೆದಿಲ್ಲ. ಯಾವುದಾದರೂ ಇಲ್ಲಿಯ ಲೈಸೆನ್ಸೋ ಸರ್ಟಿಫಿಕೇಟೋ ಇದ್ದೇ ಇರುತ್ತದೆ. ಪದವಿಯ ಟ್ರಾನ್ಸ್‌ಕ್ರಿಪ್ಟ್‌ಗಳನ್ನು ಊರಿನಿಂದ ಈಗಲೇ ತರಿಸಿಡಿ, ಅದಕ್ಕೂ ಸಮಯ ಹಿಡಿಯುತ್ತದೆ.

ಮಂಕಾಗಿರುವುದರ ಬಗ್ಗೆ. ನನ್ನ ಸೋದರಮಾವ ತೀರ್ಥಹಳ್ಳಿಯಲ್ಲಿ ಲಾರಿ ಇಟ್ಟುಕೊಂಡಿದ್ದಾರೆ. ಫೋನ್ ಮಾಡಿದಾಗೆಲ್ಲ "ಎಂಥ ಮಾರಾಯ, ಪರ್ಮಿಟ್ ಬಂತನಾ? ನಮ್ಮ ಲಾರಿಗೂ ಇಷ್ಟು ದಿನ ಹಿಡಿಯಲ್ಲ" ಅನ್ನುತ್ತಿದ್ದರು. ಅವರ ಮೇಲೆ ನನಗೆ ಸಿಟ್ಟು ಬರುತ್ತಿರಲಿಲ್ಲ. ಸಿಟ್ಟು ಬರುತ್ತಿದ್ದದ್ದು ಇಲ್ಲಿಯ ಪಾರ್ಟಿಗಳಲ್ಲಿ. "ನೀವು ಎಲ್ಲಿ ಕೆಲಸ?" ಅಂತ ಕೇಳಿ, ಎಚ್-4 ಅಂದ ಕೂಡಲೇ ಮುಖ ಹೆಂಡತಿಯ ಕಡೆ ತಿರುಗುತ್ತಿತ್ತು. ಗಂಡಸು ಎಚ್-4 ಅಂದರೆ ಜನಕ್ಕೆ ಒಂಥರಾ ಮುಜುಗರ. ಹೆಂಗಸು ಎಚ್-4 ಅಂದರೆ "ಆರಾಮಾಗಿ ಮನೇಲಿರಬಹುದಲ್ಲ" ಅನ್ನುತ್ತಾರೆ. ಎರಡನೆಯದು ಜಾಸ್ತಿ ಕೆಟ್ಟದ್ದು ಅನ್ನಿಸುತ್ತದೆ ನನಗೆ. ಆ ಮಾತು ನಿಮ್ಮ ಬಾಯಿಂದಂತೂ ಬರದಿರಲಿ. ಡ್ರೈವಿಂಗ್ ಲೈಸೆನ್ಸ್ ಆಗಿಲ್ಲ ಅಂದರೆ ಮೊದಲು ಅದು ಮಾಡಿಸಿ. ಡಲ್ಲಾಸ್‌ನಂಥ ಊರಲ್ಲಿ ಕಾರು ಓಡಿಸಲಾರದೆ ಮನೆಯಲ್ಲಿ ಇರುವುದಕ್ಕಿಂತ ದೊಡ್ಡ ಸೆರೆ ಬೇರೆ ಇಲ್ಲ. ಸೋಷಿಯಲ್ ಸೆಕ್ಯುರಿಟಿ ನಂಬರ್ (ಇಲ್ಲಿಯ ಗುರುತಿನ ಸಂಖ್ಯೆ) ಇಲ್ಲದಿದ್ದರೂ ಆಗುತ್ತದೆ. ನಂಬರ್ ಪಡೆಯಲು ಅರ್ಹತೆ ಇಲ್ಲ ಅಂತ ಸೋಷಿಯಲ್ ಸೆಕ್ಯುರಿಟಿ ಆಫೀಸಿನಿಂದ ಕಾಗದ ತರಬೇಕಾಗಬಹುದು. ಬ್ಯಾಂಕ್ ಅಕೌಂಟಿನಲ್ಲಿ ಅವರ ಹೆಸರು ಸೇರಿಸಿ, ನಿಮ್ಮ ಕ್ರೆಡಿಟ್ ಕಾರ್ಡಿಗೂ ಸೇರಿಸಿ. ಇಪ್ಪತ್ತು ಡಾಲರಿಗೆ ಇನ್ನೊಬ್ಬರನ್ನು ಕೇಳುವುದು ಹೇಗಿರುತ್ತದೆ ಅಂತ ಅನುಭವಿಸಿದವರಿಗೇ ಗೊತ್ತು.

ಪಕ್ಕದ ಮನೆಯವರು ಎಲ್-1 (ಕಂಪನಿಯೇ ತನ್ನ ಅಮೆರಿಕದ ಶಾಖೆಗೆ ಕಳಿಸಿದವರ ವೀಸಾ), ಅವರ ಹೆಂಡತಿ ಬಂದ ವಾರವೇ ಕೆಲಸಕ್ಕೆ ಹೋದರು, ನಮಗೇಕೆ ಹೀಗೆ ಅಂತಲೂ ಅನ್ನಿಸುತ್ತದೆ ಅಲ್ವಾ? 2021ರ ನವೆಂಬರ್‌ನಲ್ಲಿ ಒಂದು ಕೋರ್ಟ್ ಕೇಸ್ ರಾಜಿಯಾಗಿ, ಎಲ್-1ರವರ ಜೊತೆ ಎಲ್-2 ವೀಸಾದಲ್ಲಿ ಬರುವ ಗಂಡ-ಹೆಂಡತಿಯರಿಗೆ ಆ ಸೌಲಭ್ಯ ಸಿಕ್ಕಿತು. ಅವರ ಐ-94ರಲ್ಲಿ "ಎಲ್-2ಎಸ್" ಅಂತ ಇದ್ದರೆ ಸಾಕು, ಕಾರ್ಡೇ ಬೇಡ. ಎಚ್-4ಗೆ ಅದು ಸಿಗಲಿಲ್ಲ. ನಮಗೆ ಇರುವುದು ಅರ್ಜಿ ಹಾಕಿ ಇಎಡಿ ಪಡೆಯಬಹುದು ಅನ್ನುವ, 2015ರ ಮೇ 26ರಿಂದ ಜಾರಿಗೆ ಬಂದ ನಿಯಮ. ಅದನ್ನು ರದ್ದು ಮಾಡಿ ಅಂತ ಸೇವ್ ಜಾಬ್ಸ್ ಯುಎಸ್‌ಎ ಅನ್ನುವ ಗುಂಪು ಹತ್ತು ವರ್ಷ ಕೋರ್ಟ್ ಅಲೆಯಿತು. 2025ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಆ ಮೇಲ್ಮನವಿಯನ್ನು ಕೈಗೆತ್ತಿಕೊಳ್ಳಲಿಲ್ಲ. ಹಾಗಾಗಿ ಎಚ್-4 ಇಎಡಿ ಈ ಕೇಸಿನಲ್ಲಿ ಹೋಗೇ ಬಿಡುತ್ತದೆ ಅಂತ ಹಳೇ ವಿಡಿಯೊ ನೋಡಿ ಹೆದರಬೇಡಿ.

ಹೆದರಬೇಕಾದ್ದು ಬೇರೆ ಇದೆ. ಈ ಕಾಯುವಿಕೆ ಒಂದು ಸಲದ್ದಲ್ಲ. ಉದ್ಯೋಗದ ಲೆಕ್ಕದಲ್ಲಿ ವರ್ಷಕ್ಕೆ ಸುಮಾರು 1,40,000 ಗ್ರೀನ್‌ಕಾರ್ಡ್, ಒಂದು ದೇಶಕ್ಕೆ ಶೇ 7ರ ಮಿತಿ. ಭಾರತದವರ ಇಬಿ-2, ಇಬಿ-3 (ಉದ್ಯೋಗದ ಗ್ರೀನ್‌ಕಾರ್ಡಿನ ಎರಡು ವರ್ಗ) ಸಾಲು ಹತ್ತು ವರ್ಷಕ್ಕೂ ಹಿಂದಿದೆ. ಅಂದರೆ ಮೂರು ವರ್ಷಕ್ಕೊಮ್ಮೆ ನಿಮ್ಮ ಎಚ್-1, ಅವರ ಎಚ್-4, ಅವರ ಇಎಡಿ ಮೂರನ್ನೂ ಮತ್ತೆ ಮಾಡಿಸುತ್ತಲೇ ಇರಬೇಕು. ಹಿಂದೆಲ್ಲ ನವೀಕರಣಕ್ಕೆ ಹಾಕಿದರೆ ಹಳೇ ಕಾರ್ಡ್ ತಾನಾಗಿ ಮುಂದುವರಿಯುತ್ತದೆ ಅಂತ ನಿಯಮವಿತ್ತು, 180 ದಿನದಿಂದ 540 ದಿನಕ್ಕೂ ಏರಿತ್ತು. 2025ರ ಅಕ್ಟೋಬರ್ 30ರಿಂದ ಹಾಕಿದ ಅರ್ಜಿಗಳಿಗೆ ಅದಿಲ್ಲ. ಕಾರ್ಡ್ ಮುಗಿದ ದಿನ ಲ್ಯಾಪ್‌ಟಾಪ್ ಮುಚ್ಚಬೇಕು, ಹೊಸದು ಬರುವವರೆಗೆ ಕೆಲಸವಿಲ್ಲ. ಎಚ್-1 ಜೊತೆಗೆ ಎಚ್-4, ಇಎಡಿ ಅರ್ಜಿಗಳನ್ನೂ ಒಟ್ಟಿಗೆ ನೋಡಬೇಕು ಅನ್ನುವ ಇನ್ನೊಂದು ರಾಜಿ ಒಪ್ಪಂದವೂ 2025ರ ಜನವರಿಗೆ ಮುಗಿಯಿತು. ಈಗ ನಿಮ್ಮ ಎಚ್-1 ಪ್ರೀಮಿಯಂನಲ್ಲಿ ಬೇಗ ಬಂದರೂ ಅವರದ್ದು ಹಿಂದೆ ಉಳಿಯಬಹುದು.

ಹಾಗಾಗಿ ಕಂಪನಿಯ ವಕೀಲರಿಗೆ ಈಗಲೇ ಹೇಳಿಡಿ. ಎಚ್-1 ವಿಸ್ತರಣೆಯನ್ನು ಮುಗಿಯುವ 6 ತಿಂಗಳ ಮುಂಚೆಯೇ ಹಾಕಬಹುದು, ಇಎಡಿ ನವೀಕರಣವನ್ನು 180 ದಿನ ಮುಂಚೆ. ಆ ಬಾಗಿಲು ತೆರೆದ ಮೊದಲ ದಿನವೇ ಮೂರೂ ಅರ್ಜಿ ಒಂದೇ ಕಟ್ಟಿನಲ್ಲಿ ಹೋಗಬೇಕು. ಇನ್ನೂ ಟೈಮಿದೆ ಅಂತ ಅವರು ಅನ್ನುತ್ತಾರೆ. ಅವರಿಗೆ ನಿಮ್ಮ ಎಚ್-1 ಮುಖ್ಯ, ಹೆಂಡತಿಯ ಕೆಲಸ ಅವರ ಪಟ್ಟಿಯಲ್ಲೇ ಇಲ್ಲ. ನೀವೇ ಬೆನ್ನು ಹತ್ತಬೇಕು. ಊರಿಗೆ ಹೋಗಿ ಪಾಸ್‌ಪೋರ್ಟಿಗೆ ವೀಸಾ ಸ್ಟಾಂಪಿಂಗ್ ಮಾಡಿಸಿಕೊಂಡು ಹೊಸ ಐ-94 ಜೊತೆ ವಾಪಸ್ ಬರುವ ಹಳೇ ಉಪಾಯವೂ ಈಗ ಅಪಾಯ. 2025ರ ಡಿಸೆಂಬರ್ 15ರಿಂದ ಎಚ್-1, ಎಚ್-4 ಇಬ್ಬರಿಗೂ ಸೋಷಿಯಲ್ ಮೀಡಿಯಾ ತಪಾಸಣೆ ಶುರುವಾಗಿ ಭಾರತದಲ್ಲಿ ಎಷ್ಟೋ ಜನರ ವೀಸಾ ಇಂಟರ್‌ವ್ಯೂ ಸ್ಲಾಟ್ ತಿಂಗಳುಗಟ್ಟಲೆ ಮುಂದೆ ಹೋಯಿತು.

ಕೊನೆಗೆ ಆಫರ್. ಕಂಪನಿಯಿಂದ ಮುಚ್ಚಿಡಬೇಡಿ. ಎಚ್‌ಆರ್‌ಗೆ ಬರೆಯುವಾಗ ಎರಡು ವಿಷಯ ಬಿಡಿಸಿ ಹೇಳಲಿ. ಒಂದು, ಈ ಕಾರ್ಡಿಗೆ ಕಂಪನಿ ಸ್ಪಾನ್ಸರ್ ಮಾಡಬೇಕಿಲ್ಲ, ಅವರಿಗೆ ಖರ್ಚೂ ಇಲ್ಲ. ವೀಸಾ ಅಂದ ಕೂಡಲೇ ಬೆದರುವ ಎಚ್‌ಆರ್‌ಗಳಿಗೆ ಇದು ಎಷ್ಟೋ ಸಲ ಗೊತ್ತೇ ಇರುವುದಿಲ್ಲ. ಎರಡು, ಕಾರ್ಡಿನಲ್ಲಿರುವ ದಿನಾಂಕಕ್ಕಿಂತ ಮೊದಲು ಒಂದು ದಿನವೂ ಕೆಲಸ ಶುರು ಮಾಡುವ ಹಾಗಿಲ್ಲ, ಅರ್ಜಿಯ ರಸೀತಿ ಸಾಲದು. ಕಾರ್ಡ್ ಬಂದರೆ ಕೆಲಸಕ್ಕೆ ಅನುಮತಿ ಇದೆ ಅಂತ ಕಂಪನಿ ಖಾತ್ರಿ ಮಾಡಿಕೊಳ್ಳುವ ಐ-9 ಫಾರ್ಮಿಗೆ ಅದೊಂದೇ ಸಾಕು. ಇಎಡಿ ಅರ್ಜಿಯ ಫಾರ್ಮು ಐ-765ರಲ್ಲಿ ಸೋಷಿಯಲ್ ಸೆಕ್ಯುರಿಟಿ ನಂಬರೂ ಕೇಳಿದ್ದರೆ ಅದು ಬೇರೆ ಕವರಿನಲ್ಲಿ ಬರುತ್ತದೆ, ಅದು ಬರುವವರೆಗೆ ಸೇರುವುದನ್ನು ಮುಂದೂಡಬೇಕಿಲ್ಲ. ಸೇರುವ ದಿನ ಖಾಲಿ ಬಿಟ್ಟು "ಕಾರ್ಡ್ ಬಂದ ಎರಡು ವಾರದೊಳಗೆ" ಅಂತ ಬರೆದುಕೊಡುತ್ತಾರಾ ಕೇಳಲಿ. ದೊಡ್ಡ ಕಂಪನಿಯವರು ಕೆಲವೊಮ್ಮೆ ಒಪ್ಪುತ್ತಾರೆ. ಸಣ್ಣ ಕಂಪನಿಯಾದರೆ ಎಚ್‌ಆರ್ ಬಿಟ್ಟು ನೇರ ಆ ಮ್ಯಾನೇಜರ್‌ಗೇ ಫೋನ್ ಮಾಡಲಿ, ಆಳು ಬೇಕಾಗಿರುವುದು ಅವರಿಗೆ. ಒಪ್ಪಲಿಲ್ಲ ಅಂದರೆ ಆ ಆಫರ್ ಬಿಟ್ಟುಬಿಡಿ, ಆದರೆ ಅವರ ಇಮೇಲ್ ಇಟ್ಟುಕೊಳ್ಳಿ. ಕಾರ್ಡ್ ಬಂದ ದಿನ ಮೊದಲು ಬರೆಯಬೇಕಾದ್ದು ಅವರಿಗೇ.