ಒಂದು ಹಿಡಿ ಸೊಪ್ಪು ಅಂದರೆ ಎಷ್ಟು?

ಓದುಗರ ಪತ್ರ: “ಹೋದ ಸಂಚಿಕೆಯಲ್ಲಿ ಚೀನಾದ ನೊಬೆಲ್ ವಿಜ್ಞಾನಿ ತು ಯೂಯೂ ಅವರನ್ನು ನಾಲ್ಕು ಪುಟ ಹೊಗಳಿದ್ದೀರಿ. ಆಕೆ ಮಾಡಿದ್ದಾದರೂ ಏನು? ಹಳೇ ಪುಸ್ತಕ ನೋಡಿ, ಸೊಪ್ಪು ಕುದಿಸಿ, ಮಲೇರಿಯಾಕ್ಕೆ ಕಷಾಯ ಮಾಡಿದ್ದು. ನಮ್ಮ ತುಳುನಾಡಿನಲ್ಲಿ ಆಟಿ ತಿಂಗಳ ಅಮಾವಾಸ್ಯೆಗೆ ಪಾಲೆ ಮರದ ಕಷಾಯ ಕುಡಿಯುವುದು ಎಷ್ಟು ತಲೆಮಾರಿನಿಂದ ಇದೆ! ನಮ್ಮ ಅಜ್ಜಿಗೆ ಯಾರೂ ನೊಬೆಲ್ ಕೊಡಲಿಲ್ಲವಲ್ಲ? ನಮ್ಮವರು ಯಾರೂ ನಿಮ್ಮ ಕಣ್ಣಿಗೆ ಬೀಳುವುದಿಲ್ಲವೇ?” (ಬಂಟ್ವಾಳದ ಓದುಗರೊಬ್ಬರು)

ಸಂಪಾದಕರ ಉತ್ತರ: ಮಾರಾಯರೇ, ನಿಮ್ಮ ಪತ್ರದಲ್ಲಿ ಒಂದೇ ಒಂದು ಪದ ತಪ್ಪಾಗಿದೆ. ಇಡೀ ವಾದ ಆ ಪದದ ಮೇಲೇ ಕೂತಿರುವುದು ನನ್ನ ತಪ್ಪಲ್ಲ. ಆ ಪದ ‘ಕುದಿಸಿ’. ಕುದಿಸಿದಷ್ಟು ದಿನ ತು ಯೂಯೂಗೆ ಮದ್ದು ಕೈಗೆ ಸಿಗಲಿಲ್ಲ.

ನಿಮಗೆ ಸಲ್ಲಬೇಕಾದ್ದು ಮೊದಲು ಸಲ್ಲಲಿ. ಹಳೇ ಪುಸ್ತಕ ಇಲ್ಲದಿದ್ದರೆ ಆಕೆಗೆ ದಾರಿ ಕಾಣುತ್ತಿರಲಿಲ್ಲ, ಇದನ್ನು ಆಕೆಯೇ ಮತ್ತೆ ಮತ್ತೆ ಹೇಳಿದ್ದಾರೆ. ಆದರೆ ಪುಸ್ತಕದಲ್ಲಿ ಇದ್ದದ್ದು ಒಂದು ಸಾಲು. 4ನೇ ಶತಮಾನದ ಗೆ ಹಾಂಗ್ ಬರೆದ ತುರ್ತು ಚಿಕಿತ್ಸೆಯ ಕೈಪಿಡಿಯ ಸಾಲು ಅದು: ಒಂದು ಹಿಡಿ ಚಿಂಗ್‌ಹಾವ್ ಸೊಪ್ಪನ್ನು ಎರಡು ಶಂಗ್ ನೀರಿನಲ್ಲಿ (ಹತ್ತಿರ ಹತ್ತಿರ 400 ಮಿ.ಲೀ.) ನೆನೆಹಾಕಿ, ಹಿಂಡಿ, ರಸವನ್ನೆಲ್ಲ ಕುಡಿ. ಅಷ್ಟೇ. ಯಾವ ಸೊಪ್ಪು, ಯಾವ ತಿಂಗಳಿನದು, ಹಸಿಯೋ ಒಣಗಿದ್ದೋ, ಒಂದೂ ಇಲ್ಲ.

ಅದೊಂದೇ ಸಾಲಲ್ಲ, ಅಂಥವು ರಾಶಿ ಇದ್ದವು. ಅಮೆರಿಕದ ವಿರುದ್ಧ ಕಾದಾಡುತ್ತಿದ್ದ ವಿಯೆಟ್ನಾಂ ಸೈನಿಕರು ಆಗಿನ ಮಲೇರಿಯಾ ಮದ್ದಾದ ಕ್ಲೋರೊಕ್ವಿನ್‌ಗೆ ಬಗ್ಗದ ಮಲೇರಿಯಾದಿಂದ ಸಾಯುತ್ತಿದ್ದರು. ಅದಕ್ಕೆ ಮದ್ದು ಹುಡುಕಲು ಚೀನಾ 1967ರ ಮೇ 23ರಂದು ಒಂದು ಗುಟ್ಟಿನ ಯೋಜನೆ ಶುರುಮಾಡಿತು, ತಾರೀಕಿನ ಮೇಲೆಯೇ ಅದಕ್ಕೆ 523 ಎಂಬ ಹೆಸರು. ತು ಯೂಯೂ 1969ರಲ್ಲಿ ಸೇರಿದರು. ಸುಮಾರು 2,000 ಹಳೆಯ ಮದ್ದುಗಳನ್ನು ಒಟ್ಟುಮಾಡಿ, ಜರಡಿ ಹಿಡಿದು, 640ರ ಒಂದು ಪುಸ್ತಿಕೆ ಮಾಡಿದರು. ಸುಮಾರು 200 ಮೂಲಿಕೆಗಳಿಂದ 380ರಷ್ಟು ಸಾರ ತೆಗೆದು ಮಲೇರಿಯಾ ಹತ್ತಿಸಿದ ಇಲಿಗಳಿಗೆ ಕೊಟ್ಟು ನೋಡಿದರು. ಚಿಂಗ್‌ಹಾವ್ ಒಮ್ಮೆ ಪರೋಪಜೀವಿಯನ್ನು ಶೇ. 68ರಷ್ಟು ತಡೆಯಿತು. ಖುಷಿಯಿಂದ ಮತ್ತೆ ಮಾಡಿದರೆ ಶೇ. 12, ಇನ್ನೊಮ್ಮೆ 40.

ಇಲ್ಲಿ ಸ್ವಲ್ಪ ನಿಲ್ಲಿ. ನಮ್ಮ ಕಾಲೇಜುಗಳ ಪ್ರಾಕ್ಟಿಕಲ್ ರೆಕಾರ್ಡಿನಲ್ಲಾಗಿದ್ದರೆ 68 ಮಾತ್ರ ಉಳಿಯುತ್ತಿತ್ತು. 12 ಬಂದ ಹುಡುಗ ಪಕ್ಕದವನ ಪುಸ್ತಕ ನೋಡಿ 65 ಎಂದು ಬರೆದು ಸಹಿ ಹಾಕಿಸಿಕೊಳ್ಳುತ್ತಿದ್ದ. ಬರೆಯದ ಆ 12ರಲ್ಲಿಯೇ ವಿಷಯ ಇತ್ತು. ಒಂದೇ ಗಿಡ, ಒಂದೇ ಇಲಿ, ಫಲ ಮಾತ್ರ ಬೇರೆ ಬೇರೆ. ಹಾಗಾದರೆ ಮಾಡುವ ಕ್ರಮದಲ್ಲೇ ಏನೋ ಕೆಡುತ್ತಿದೆ. ಆಗ ಆಕೆ ಗೆ ಹಾಂಗ್‌ನ ಸಾಲಿಗೆ ಮರಳಿ ಹೋದರು. ಅಲ್ಲಿ ಒಲೆಯೇ ಇಲ್ಲ! ಬಿಸಿಯಲ್ಲಿ ಮದ್ದಿನ ಗುಣ ಹೋಗುತ್ತಿರಬಹುದು ಎಂದು ಊಹಿಸಿ ಈಥರ್ ಎಂಬ ದ್ರವವನ್ನು ಹಿಡಿದರು. ಈಥರ್ ಕುದಿಯುವುದು 35 ಡಿಗ್ರಿ ಸೆಲ್ಸಿಯಸ್‌ಗೆ. ಮಂಗಳೂರಿನ ಏಪ್ರಿಲ್ ಮಧ್ಯಾಹ್ನ ಸಾಕು ಅದಕ್ಕೆ. ಸೊಪ್ಪಿನ ಸಾರ ಬಿಟ್ಟುಕೊಟ್ಟು ಈಥರ್ ಹಾರಿಹೋಗುತ್ತದೆ, ಸಾರಕ್ಕೆ ಕಾವು ತಾಗುವುದಿಲ್ಲ. ಉಳಿದ ಸಾರದಿಂದ ಆಮ್ಲದ ಭಾಗವನ್ನು ಕ್ಷಾರದಲ್ಲಿ ತೊಳೆದು ತೆಗೆದರು. ವಿಷ ಇದ್ದದ್ದು ಅದರಲ್ಲಿ, ಗುಣ ಉಳಿದದ್ದು ತಟಸ್ಥ ಭಾಗದಲ್ಲಿ. 1971ರ ಅಕ್ಟೋಬರ್ 4ರಂದು ಪರೀಕ್ಷಿಸಿದ ಆ ಮಾದರಿ ಇಲಿಗಳಲ್ಲಿ ಪೂರ್ತಿ ನೂರಕ್ಕೆ ನೂರು ಕೆಲಸ ಮಾಡಿತು. ಮಾದರಿಯ ಸಂಖ್ಯೆ 191. ಸೋತವುಗಳಿಗೂ ನಂಬರ್ ಹಾಕಿ ಇಟ್ಟಿದ್ದರಿಂದ ಇದು 191 ಆಯಿತು, ಇಲ್ಲವಾದರೆ ಇದೇ ಮೊದಲನೆಯದು ಎಂದು ಹೇಳಿಕೊಂಡು ತಿರುಗಬಹುದಿತ್ತು.

ಶ್ರೇಯಸ್ಸೆಲ್ಲ ತಣ್ಣೀರಿಗೆ ಕೊಡಬೇಡಿ. ಆ ಸೊಪ್ಪಿನಲ್ಲಿರುವ ಮದ್ದು, ಆರ್ಟೆಮಿಸಿನಿನ್, ನೀರಿಗೆ ಕರಗುವುದೇ ತೀರಾ ಕಡಿಮೆ. ಗೆ ಹಾಂಗ್ ದಾರಿ ತೋರಿಸಿದ, ದಾಟಿಸಿದ್ದು ಈಥರ್. ಮತ್ತೆ ಆ ಈಥರ್‌ನ ಕೆಲಸ ಆದದ್ದಾದರೂ ಹೇಗೆ? ಮದ್ದಿನ ಕಾರ್ಖಾನೆಗಳು ಹೆಚ್ಚಿನವು ಮುಚ್ಚಿದ್ದ ಸಾಂಸ್ಕೃತಿಕ ಕ್ರಾಂತಿಯ ಕಾಲ. ಮನೆಯಲ್ಲಿ ನೀರು ತುಂಬಿಡುವ ದೊಡ್ಡ ಹಂಡೆಗಳಲ್ಲಿ ಸೊಪ್ಪು ಮುಳುಗಿಸಿ ಇಟ್ಟರು. ಗಾಳಿಯಾಡದ ಕೋಣೆ, ಸುತ್ತ ಈಥರ್ ಹಬೆ. ಹಲವರ ಆರೋಗ್ಯ ಕೆಟ್ಟಿತು, ತು ಅವರ ಪಿತ್ತಜನಕಾಂಗಕ್ಕೇ ಪೆಟ್ಟು ಬಿತ್ತು. 1972ರ ಜುಲೈನಲ್ಲಿ ಆಕೆಯೂ ಇನ್ನಿಬ್ಬರೂ ಆಸ್ಪತ್ರೆಗೆ ಸೇರಿ ಮದ್ದನ್ನು ಮೊದಲು ತಾವೇ ನುಂಗಿದರು. ಆಮೇಲೆ ಹೈನಾನ್ ದ್ವೀಪದಲ್ಲಿ 21 ರೋಗಿಗಳಿಗೆ ಕೊಟ್ಟರು, ಜ್ವರ ಇಳಿಯಿತು. ನವೆಂಬರ್‌ನಲ್ಲಿ ಶುದ್ಧ ಹರಳು ಕೈಗೆ ಬಂತು, ಬಣ್ಣವಿಲ್ಲದ್ದು. ಮರುವರ್ಷ ಅದನ್ನು ಮಾತ್ರೆ ಮಾಡಿ ಕೊಟ್ಟರೆ ಕೆಲಸವೇ ಮಾಡಲಿಲ್ಲ! ಹರಳಿನದಲ್ಲ ತಪ್ಪು. ಮಾತ್ರೆ ಹೊಟ್ಟೆಯಲ್ಲಿ ಒಡೆಯುತ್ತಲೇ ಇರಲಿಲ್ಲ. ಅದೇ ಹರಳನ್ನು ಕ್ಯಾಪ್ಸೂಲಿನಲ್ಲಿ ತುಂಬಿದರೆ ಗುಣ ಕಂಡಿತು. ಆ ಮೊದಲ ಫಲ ನೋಡಿ ‘ಮದ್ದೇ ಸರಿಯಿಲ್ಲ’ ಎಂದು ಬರೆದು ಮುಗಿಸಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು.

ಸೊಪ್ಪಿನದೂ ಒಂದು ರಗಳೆ. ಚಿಂಗ್‌ಹಾವ್ ಎಂಬ ಹೆಸರು ಒಂದಕ್ಕಿಂತ ಹೆಚ್ಚು ಗಿಡಗಳಿಗಿದೆ. ಮದ್ದು ಇರುವುದು ಆರ್ಟೆಮಿಸಿಯಾ ಆನುವಾದಲ್ಲಿ, ಅದರಲ್ಲೂ ಎಲೆಯಲ್ಲಿ, ಕಡ್ಡಿಯಲ್ಲಲ್ಲ. ಹೂ ಬಿಡುವ ಹೊತ್ತಿಗೆ ಹೆಚ್ಚು. ಬೀಜಿಂಗ್ ಸುತ್ತಲಿನ ಗಿಡದಲ್ಲಿ ಕಡಿಮೆ, ಸಿಚುವಾನ್‌ದರಲ್ಲಿ ಜಾಸ್ತಿ. ಯುನ್ನಾನ್ ಮತ್ತು ಶಾಂಡೋಂಗ್‌ನ ತಂಡಗಳೂ ತಂತಮ್ಮ ಗಿಡಗಳಿಂದ ಇದೇ ಹರಳು ತೆಗೆದವು, ಶ್ರೇಯಸ್ಸಿನ ಜಗಳ ಅಲ್ಲಿ ಇನ್ನೂ ಇದೆ. ನಮ್ಮಲ್ಲೂ ಹಾಗೆಯೇ. ಸಂತೆಯಲ್ಲಿ ‘ಕಿರಾತಕಡ್ಡಿ’ ಕೇಳಿದರೆ ಸಾಮಾನ್ಯವಾಗಿ ನೆಲಬೇವು ಕೊಡುತ್ತಾರೆ. ಆಯುರ್ವೇದದ ಕಿರಾತತಿಕ್ತ ಹಿಮಾಲಯದ ಬೇರೆಯೇ ಗಿಡ.

ಈಗ ನಿಮ್ಮ ಪಾಲೆ ಮರಕ್ಕೆ ಬರೋಣ, ಅಜ್ಜಿಗೆ ನಮಸ್ಕರಿಸಿಯೇ. ಬೆಳಕು ಹರಿಯುವ ಮುಂಚೆ ಹೋಗಿ, ಕತ್ತಿ ಮುಟ್ಟಿಸದೆ ಕಲ್ಲಿನಿಂದ ಜಜ್ಜಿ ತೊಗಟೆ ತೆಗೆದು, ಓಮ, ಕಾಳುಮೆಣಸು, ಬೆಳ್ಳುಳ್ಳಿ ಜೊತೆ ಅರೆದು, ರಸ ಹಿಂಡಿ, ಕೆಂಪಗೆ ಕಾಯಿಸಿದ ಬಿಳಿಕಲ್ಲು ಅದರೊಳಗೆ ಹಾಕುತ್ತಾರೆ. ಅಂದರೆ ನಿಮ್ಮ ಅಜ್ಜಿಯೂ ಕುದಿಸಲಿಲ್ಲ! ಶಾಸ್ತ್ರದಲ್ಲಿ ಕಷಾಯ ಐದು ಬಗೆ: ಸ್ವರಸ (ಹಿಂಡಿದ ರಸ), ಕಲ್ಕ (ಅರೆದ ಮುದ್ದೆ), ಕ್ವಾಥ, ಹಿಮ, ಫಾಂಟ. ಮನೆಯಲ್ಲಿ ನಾವು ಕುದಿಸಿ ಮಾಡುವುದು ಕ್ವಾಥ. ಪಾಲೆಯದು ಸ್ವರಸ. ಗೆ ಹಾಂಗ್‌ನದು ನಮ್ಮ ಹಿಮಕ್ಕೆ ಹತ್ತಿರ. ಕ್ವಾಥಕ್ಕೆ ಒಂದು ಪಾಲು ಮದ್ದಿಗೆ 16 ಪಾಲು ನೀರು, ಎಂಟನೇ ಒಂದಕ್ಕೆ ಇಳಿಸಬೇಕು; ಹಿಮಕ್ಕೆ 6 ಪಾಲು ತಣ್ಣೀರು, ರಾತ್ರಿಯಿಡೀ; ಫಾಂಟಕ್ಕೆ 4 ಪಾಲು ಬಿಸಿನೀರು. ಶಾರ್ಙ್ಗಧರ ಸಂಹಿತೆ ಇಷ್ಟು ಕಟ್ಟುನಿಟ್ಟಾಗಿ ಹೇಳಿದೆ. ಅದನ್ನು ಕೈಬಿಟ್ಟು ‘ಸ್ವಲ್ಪ’, ‘ಒಂದು ಹಿಡಿ’, ‘ರುಚಿಗೆ ತಕ್ಕಷ್ಟು’ ಎಂದು ಮನೆಮದ್ದಿನ ಅಂಕಣ ಬರೆಯುವವರು ನಾವು, ಪತ್ರಿಕೆಯವರು. ಮದ್ದೇನು ಚಿತ್ರಾನ್ನವೇ?

ಪಾಲೆ ತೊಗಟೆಯನ್ನು ಯಾರೂ ಪರೀಕ್ಷಿಸಿಲ್ಲ ಎಂದುಕೊಳ್ಳಬೇಡಿ. 19ನೇ ಶತಮಾನದಲ್ಲಿಯೇ ‘ದಿಟಾ’ ಎಂಬ ಹೆಸರಿನಲ್ಲಿ ಅದನ್ನು ಕ್ವಿನೈನ್‌ಗೆ ಬದಲಿಯಾಗಿ ಬಳಸಿ ನೋಡಿದ್ದರು. ಅದು ಮಲೇರಿಯಾದ ಪರೋಪಜೀವಿಯನ್ನು ಕೊಲ್ಲುತ್ತದೆ ಎಂಬುದು ಸಾಬೀತಾಗಲಿಲ್ಲ. ಕುಡಿಯುವವರು ಮರವನ್ನು ಹಿಂದಿನ ಹಗಲೇ ಗುರುತು ಮಾಡಿಟ್ಟುಕೊಳ್ಳಿ. ಕತ್ತಲಲ್ಲಿ ಪಾಲೆ ಎಂದು ಕಾಸರಕನ ತೊಗಟೆ ತಂದರೆ ಅದರಲ್ಲಿರುವುದು ಸ್ಟ್ರಿಕ್ನಿನ್, ಪ್ರಾಣಕ್ಕೇ ಕುತ್ತು.

ನಮ್ಮವರು ಯಾರೂ ಇಲ್ಲವೇ ಎಂದಿರಿ. ಇದ್ದರು. ಉಪೇಂದ್ರನಾಥ ಬ್ರಹ್ಮಚಾರಿ. ಕಲ್ಕತ್ತೆಯ ಕ್ಯಾಂಪ್‌ಬೆಲ್ ಆಸ್ಪತ್ರೆಯ ಒಂದು ಪುಟ್ಟ ಕೋಣೆ, ಗ್ಯಾಸ್ ಇಲ್ಲ, ನಲ್ಲಿ ಇಲ್ಲ, ರಾತ್ರಿ ಸೀಮೆಎಣ್ಣೆ ದೀಪ. ಕಾಲಾ ಅಜಾರ್ ಎಂಬ ಮಾರಕ ಜ್ವರಕ್ಕೆ ಆಗ ಇದ್ದ ಆಂಟಿಮನಿ ಚುಚ್ಚುಮದ್ದನ್ನು ತಿಂಗಳುಗಟ್ಟಲೆ ಚುಚ್ಚಬೇಕಿತ್ತು, ವಾಂತಿ ಬೇರೆ, ರಕ್ತನಾಳದಿಂದ ಹೊರಗೆ ಹನಿ ಜಾರಿದರೆ ಹುಣ್ಣು. ಅದೇ ಆಂಟಿಮನಿಯನ್ನು ಬೇರೆ ಬೇರೆ ರೂಪಕ್ಕೆ ತಂದು ತಂದು, 1920ರಲ್ಲಿ ಯೂರಿಯಾ ಸ್ಟಿಬಮಿನ್ ಮಾಡಿದರು. ತಿಂಗಳುಗಳ ಚಿಕಿತ್ಸೆ ವಾರಗಳಿಗೆ ಇಳಿಯಿತು. 1929ರಲ್ಲಿ ನೊಬೆಲ್‌ಗೆ ಅವರ ಹೆಸರು ಹೋಗಿತ್ತು, ಬರಲಿಲ್ಲ. ಬಂಗಾಳದ ಹೊರಗೆ ಇವರ ಹೆಸರು ಗೊತ್ತಿರುವ ಹತ್ತು ಮಕ್ಕಳನ್ನು ತೋರಿಸಿ. ನಿಮ್ಮ ಸಿಟ್ಟಿಗೆ ಅದು ಸರಿಯಾದ ಜಾಗ.

ಕೊನೆಗೆ, ಪತ್ರದ ಅಡಿಯಲ್ಲಿ ‘ಆ ಸೊಪ್ಪು ಎಲ್ಲಿ ಸಿಗುತ್ತದೆ, ಟೀ ಮಾಡಬಹುದೇ’ ಎಂದು ಕೇಳಿದ್ದೀರಿ. ಬೇಡ. ಎಲೆಯಿಂದ ಎಲೆಗೆ ಮದ್ದಿನ ಅಂಶ ಬದಲಾಗುತ್ತದೆ, ಟೀಗೆ ಇಳಿಯುವುದು ಅತ್ಯಲ್ಪ. ಮೈಯಲ್ಲಿ ಈ ಮದ್ದು ಕೆಲವೇ ಗಂಟೆ ನಿಲ್ಲುತ್ತದೆ. ಪರೋಪಜೀವಿ ಕೆಂಪು ರಕ್ತಕಣದೊಳಗೆ ಕೂತು ಹಿಮೋಗ್ಲೋಬಿನ್ ತಿಂದಾಗ ಬಿಡುಗಡೆಯಾಗುವ ಕಬ್ಬಿಣವೇ ಈ ಅಣುವಿನ ಎರಡು ಆಮ್ಲಜನಕಗಳ ಕೊಂಡಿಯನ್ನು ಮುರಿದು ಅದನ್ನು ವಿಷವಾಗಿಸುತ್ತದೆ. ಕಬ್ಬಿಣ ಕಕ್ಕಿದ ಕಳ್ಳನಿಗೆ ಅದೇ ಕಬ್ಬಿಣದ ಏಟು. ಆದರೆ ಏಟು ಅರೆಬರೆಯಾದರೆ ಉಳಿದವು ಮತ್ತೆ ಏಳುತ್ತವೆ, ಮದ್ದಿಗೆ ಬಗ್ಗದ ತಳಿಯಾಗುತ್ತವೆ. ಕಾಂಬೋಡಿಯಾದಲ್ಲಿ ಹಾಗೆ ಆಗಿಹೋಗಿದೆ. ಅದಕ್ಕೇ ಇದನ್ನು ಹೆಚ್ಚು ಕಾಲ ಮೈಯಲ್ಲಿ ನಿಲ್ಲುವ ಇನ್ನೊಂದು ಮದ್ದಿನ ಜೊತೆ ಕೊಡುತ್ತಾರೆ, ಒಂಟಿ ಮಾತ್ರೆಯ ಮಾರಾಟಕ್ಕೆ ನಮ್ಮ ದೇಶದಲ್ಲಿ ನಿಷೇಧವಿದೆ. ನಿಮ್ಮ ಕಡೆ ಹೆಚ್ಚು ಕಾಣುವುದು ವೈವ್ಯಾಕ್ಸ್ ಎಂಬ ಬಗೆಯ ಮಲೇರಿಯಾ. ಅದು ಯಕೃತ್ತಿನಲ್ಲಿ ಅಡಗಿ ಕೂರುತ್ತದೆ, ಅಲ್ಲಿಗೆ ಆರ್ಟೆಮಿಸಿನಿನ್ ಕೈ ಚಾಚುವುದಿಲ್ಲ. ರಕ್ತಪರೀಕ್ಷೆ ಆದಮೇಲೆ ವೈದ್ಯರು ಬರೆಯುವ ಪ್ರೈಮಾಕ್ವಿನ್ ಅನ್ನು 14 ದಿನವೂ ನುಂಗಬೇಕು. ಮೂರನೇ ದಿನ ಜ್ವರ ಬಿಟ್ಟಿತೆಂದು ಮಾತ್ರೆಯ ಪಟ್ಟಿಯನ್ನು ಕಿಟಕಿಯಲ್ಲಿಟ್ಟವರಿಗೆ ಕೆಲವು ತಿಂಗಳಲ್ಲಿ ಮತ್ತೆ ನಡುಕ ಬರಬಹುದು. ಗರ್ಭಿಣಿಯರಿಗೆ ಅದು ಕೂಡದು, ರಕ್ತದಲ್ಲಿ ಜಿ6ಪಿಡಿ ಎಂಬ ಕಿಣ್ವದ ಕೊರತೆ ಇರುವವರು ಮೊದಲೇ ವೈದ್ಯರಿಗೆ ಹೇಳಬೇಕು.

ಪಾಲೆಯ ವಿಷಯ ಮಾತ್ರ ಬಿಟ್ಟುಬಿಡಬೇಡಿ. ಮುಂದಿನ ಆಟಿಗೆ ನಿಮ್ಮ ಮನೆಯ ಕ್ರಮವನ್ನು ಬರೆದು ಕಳಿಸಿ: ತೊಗಟೆ ಎಷ್ಟು ಗ್ರಾಂ, ಮರ ಎಷ್ಟು ದಪ್ಪದ್ದು, ರಸ ಎಷ್ಟು ಮಿ.ಲೀ. ಇಳಿಯಿತು, ಓಮ ಎಷ್ಟು, ಕಲ್ಲು ಎಷ್ಟು ಹೊತ್ತು ಕೆಂಡದಲ್ಲಿತ್ತು, ಯಾರು ಎಷ್ಟು ಕುಡಿದರು, ಯಾರಿಗೆ ಹೊಟ್ಟೆ ಕೆಟ್ಟಿತು. ಒಂದು ಪುಟ ಕಾದಿರಿಸಿದ್ದೇನೆ. ‘ಸ್ವಲ್ಪ’ ಎಂದು ಬರೆದರೆ ಪತ್ರ ವಾಪಸು ಬರುತ್ತದೆ.