ಬೇಸಿಗೆಗೆ ಎಷ್ಟು ದನ ಬಿಡಬಹುದು?

ಪ್ರಶ್ನೆ: ಹೆಗಡೇರೇ, ಆಲ್ಪ್ಸ್ ಬೆಟ್ಟದ ಹಳ್ಳಿಗಳಲ್ಲಿ ಬೇಸಿಗೆ ಬಂದರೆ ಇಡೀ ಊರಿನ ದನ ಒಂದೇ ಹುಲ್ಲುಗಾವಲಿಗೆ ಹೋಗುತ್ತವಂತೆ. ನಮ್ಮೂರ ಗೋಮಾಳದಲ್ಲಿ ಈಗ ಲಂಟಾನ ಕಳೆ ಬಿಟ್ಟರೆ ಏನೂ ಇಲ್ಲ. ಅಲ್ಲಿ ಹುಲ್ಲು ಹೇಗೆ ಉಳಿಯಿತು?
– ಓದುಗರೊಬ್ಬರು, ಹುಲೇಕಲ್, ಶಿರಸಿ

ಉತ್ತರ: ಸುಮ್ನೆ ಉಳಿದದ್ದಲ್ಲ ಮಾರಾಯ್ರೇ, ಲೆಕ್ಕ ಹಾಕಿ ಉಳಿಸಿಕೊಂಡದ್ದು. ಸ್ವಿಟ್ಜರ್ಲೆಂಡಿನ ವಲೇ ಪ್ರಾಂತ್ಯದಲ್ಲಿ ಟೋರ್ಬೆಲ್ ಅಂತ ಒಂದು ಹಳ್ಳಿ ಇದೆ. ಸುಮಾರು 1,500 ಮೀಟರ್ ಎತ್ತರದಲ್ಲಿ. ಮೇಲಿನ ಹುಲ್ಲುಗಾವಲು, ಕಾಡು ಎಲ್ಲ ಊರೊಟ್ಟಿನದು. ಅದನ್ನು ಬಳಸುವುದು ಹೇಗೆ ಅಂತ ಊರವರು 1483ರಲ್ಲೇ ಕರಾರು ಬರೆದುಕೊಂಡರು. 1517ರ ನಿಯಮವಂತೂ ನನಗೆ ಭಾರೀ ಇಷ್ಟ. ಚಳಿಗಾಲದಲ್ಲಿ ನಿನ್ನ ಕೊಟ್ಟಿಗೆಯಲ್ಲಿ ಎಷ್ಟು ದನ ಸಾಕಬಲ್ಲೆಯೋ, ಬೇಸಿಗೆಯಲ್ಲಿ ಅಷ್ಟನ್ನೇ ಮೇಲೆ ಬಿಡು.

ಇದರಲ್ಲೇನು ಮಹಾ ಅನ್ನಬೇಡಿ. ಅಲ್ಲಿ ಹಿಮ ಬಿತ್ತೆಂದರೆ ತಿಂಗಳುಗಟ್ಟಲೆ ದನ ಕೊಟ್ಟಿಗೆಯಲ್ಲೇ. ಅಷ್ಟೂ ದಿನಕ್ಕೆ ಒಣಹುಲ್ಲೇ ಗತಿ. ಆ ಹುಲ್ಲು ಬರಬೇಕಾದ್ದು ಅವರವರ ಸ್ವಂತ ಜಾಗದಿಂದ. ನಾವಿಲ್ಲಿ ಜುಲೈನಲ್ಲಿ ಕಂಬಳಿಕೊಪ್ಪೆ ಹಾಕಿಕೊಂಡು, ಅಡಿಕೆಯ ಕೊಳೆರೋಗಕ್ಕೆ ಔಷಧಿ ಹೊಡೆಸಲು ಮಳೆ ಬಿಟ್ಟು ಹೊಳವಾಗುವುದನ್ನೇ ಕಾಯುತ್ತಿರುತ್ತೇವೆ. ಅವರಿಗೆ ಅದೇ ಹುಲ್ಲು ಕೊಯ್ದು ಬಿಸಿಲಿಗೆ ಹರವುವ ಕಾಲ. ಒಟ್ಟಿನಲ್ಲಿ ಅಟ್ಟದಲ್ಲಿ ಹುಲ್ಲು ಇದ್ದಷ್ಟೇ ದನ. ಹೊರಗಿನಿಂದ ನಾಲ್ಕು ದನ ತಂದು, ಬಿಟ್ಟಿ ಮೇಯಿಸಿ, ಮಾರಿಬಿಡೋಣ ಅಂದರೆ ದಂಡ. ಆ ದಂಡದಲ್ಲಿ ಅರ್ಧ ವಸೂಲಿ ಮಾಡಿದವನಿಗೇ! ಇನ್ನು ಅವನು ಕಣ್ಣು ಮುಚ್ಚಿ ಕೂರುತ್ತಾನಾ?

ದನ ಮೇಲೆ ಹೋಗುವಾಗಲೇ ಎಣಿಸುತ್ತಾರೆ. ಮೇಲೆ ಮಾಡಿದ ಚೀಸ್ ಹಂಚುವುದೂ ಇದೇ ಎಣಿಕೆಯ ಮೇಲೆ. ಕಟ್ಟಿಗೆಗೂ ಹೀಗೇ ಒಂದು ಕ್ರಮವಿದೆ. ಕಡಿಯಬೇಕಾದ ಮರಕ್ಕೆ ಮೊದಲೇ ಗುರುತು ಹಾಕುತ್ತಾರೆ. ಎಲ್ಲರೂ ಸೇರಿ ಕಡಿದು, ಹೊತ್ತು, ಸರಿಸಮ ರಾಶಿ ಹಾಕುತ್ತಾರೆ. ಯಾವ ರಾಶಿ ಯಾರಿಗೆ ಅನ್ನುವುದಕ್ಕೆ ಚೀಟಿ ಎತ್ತುತ್ತಾರೆ. ತನ್ನ ರಾಶಿ ಯಾವುದು ಅಂತ ಗೊತ್ತಿಲ್ಲದವನು ಒಂದನ್ನು ದೊಡ್ಡದು ಮಾಡಿ ಏನು ಪ್ರಯೋಜನ, ಅಲ್ವಾ?

ನಮ್ಮ ಘಟ್ಟದ ಮೇಲೆ ಒಂದು ಎಕರೆ ಅಡಿಕೆ ತೋಟಕ್ಕೆ 9 ಎಕರೆ ಸೊಪ್ಪಿನಬೆಟ್ಟ, ಅಂದರೆ ತೋಟಕ್ಕೆ ಸೊಪ್ಪು ತರಲು ಬಿಟ್ಟುಕೊಟ್ಟ ಕಾಡು, ಅಂತ ಇದೆಯಲ್ಲ, ಅದೂ ಇದೇ ಜಾತಿಯ ಲೆಕ್ಕ. ತೋಟ ಇದ್ದಷ್ಟು ಸೊಪ್ಪು, ದರಕು (ಒಣಗಿದ ಎಲೆ).

ಆದರೆ ನಿಮ್ಮ ಗೋಮಾಳದ ಕತೆ ಉಲ್ಟಾ ಇರಬಹುದು. ಈಗ ಹೆಚ್ಚಿನ ಮನೆಗಳಲ್ಲಿ ಜರ್ಸಿ ದನ ಕೊಟ್ಟಿಗೆಯಲ್ಲೇ ಕಟ್ಟಿರುತ್ತವೆ. ಬೆಟ್ಟಕ್ಕೆ ಬಿಡುವವರೇ ಇಲ್ಲ. ಮೇಯುವ ಬಾಯಿ ಜಾಸ್ತಿಯಾದರೂ ಹುಲ್ಲು ಹಾಳು, ಇಲ್ಲದಿದ್ದರೂ ಹಾಳು. ಹಾಗಾಗಿ ನಿಯಮ ಆಮೇಲೆ ನೋಡೋಣ. ಮೊದಲು ಊರವರನ್ನು ಸೇರಿಸಿ ಲಂಟಾನ ಬುಡಸಮೇತ ಕೀಳಿಸಿ. ಕಾಯಿ ಹಣ್ಣಾಗುವ ಮೊದಲೇ ಆಗಬೇಕು, ಇಲ್ಲದಿದ್ದರೆ ಹಕ್ಕಿಗಳು ಬೀಜವನ್ನು ಪಕ್ಕದ ಬೇಣಕ್ಕೂ (ಹುಲ್ಲಿನ ಜಾಗಕ್ಕೂ) ಹರಡುತ್ತವೆ.