ವೈಫೈ ಡ್ರೈವರ್ ಹಾಕೋಕೇ ಇಂಟರ್‌ನೆಟ್ ಬೇಕಂತೆ, ಏನು ಮಾಡಲಿ?

ಪ್ರಶ್ನೆ: ಹಳೆಯ ಲ್ಯಾಪ್‌ಟಾಪ್‌ಗೆ ವಿಂಡೋಸ್ ಥರದ ಇನ್ನೊಂದು ಆಪರೇಟಿಂಗ್ ಸಿಸ್ಟಂ ಆದ ಲಿನಕ್ಸ್ ಮಿಂಟ್ 21.3 ಹಾಕಿದ್ದೇನೆ. ವೈಫೈ ಕಾಣಿಸುತ್ತಲೇ ಇಲ್ಲ. ಒಳಗಿರುವುದು ಬ್ರಾಡ್‌ಕಾಮ್ ಬಿಸಿಎಂ43142 ಚಿಪ್. ಲ್ಯಾನ್ ಪೋರ್ಟ್ ಇಲ್ಲ. ಗೆಳೆಯನ ಕಂಪ್ಯೂಟರ್‌ನಲ್ಲಿ ಡ್ರೈವರ್‌ನ (ಚಿಪ್ ನಡೆಸುವ ಸಾಫ್ಟ್‌ವೇರ್) ಡೆಬ್ ಫೈಲ್, ಅಂದರೆ ಇನ್‌ಸ್ಟಾಲ್ ಮಾಡುವ ಫೈಲ್, ಇಳಿಸಿ ತಂದರೆ, ಇನ್ನೂ ಯಾವುದೋ ಪ್ಯಾಕೇಜ್ ಬೇಕು ಅನ್ನುತ್ತಿದೆ.

ಉತ್ತರ: ಆ ಡೆಬ್ ಫೈಲ್ ಬಿಟ್ಟುಬಿಡಿ. ಈ ಚಿಪ್‌ನ ಡ್ರೈವರ್ ನಿಮ್ಮ ಕರ್ನಲ್‌ಗೆ (ಲಿನಕ್ಸ್‌ನ ತಿರುಳು) ತಕ್ಕಂತೆ ನಿಮ್ಮ ಕಂಪ್ಯೂಟರ್‌ನಲ್ಲೇ ಕಂಪೈಲ್ ಆಗಬೇಕು, ಅಂದರೆ ಕೋಡ್‌ನಿಂದ ತಯಾರಾಗಬೇಕು, ಅದಕ್ಕೆ ಆ ಕೆಲಸ ಮಾಡುವ ಡಿಕೆಎಂಎಸ್ ಬೇಕು, ಕರ್ನಲ್‌ನ ವಿವರಗಳಿರುವ ಹೆಡರ್ ಫೈಲ್‌ಗಳು ಬೇಕು, ಹೀಗೆ ಒಂದೊಂದನ್ನೇ ಪೆನ್‌ಡ್ರೈವ್‌ನಲ್ಲಿ ಹೊತ್ತು ತರುತ್ತಾ ಕೂತರೆ ಮುಗಿಯುವುದಿಲ್ಲ.

ಆಂಡ್ರಾಯ್ಡ್ ಫೋನ್ ಇದೆ ಅಲ್ವಾ? ಕೇಬಲ್‌ನಲ್ಲಿ ಲ್ಯಾಪ್‌ಟಾಪ್‌ಗೆ ಚುಚ್ಚಿ, ಫೋನಿನ ಹಾಟ್‌ಸ್ಪಾಟ್ ಸೆಟ್ಟಿಂಗ್‌ನಲ್ಲಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ, ಫೋನಿನ ಇಂಟರ್‌ನೆಟ್ ಕೇಬಲ್ ಮೂಲಕ ಲ್ಯಾಪ್‌ಟಾಪ್‌ಗೆ ಸಿಗುತ್ತದೆ. ಲಿನಕ್ಸ್‌ಗೆ ಇದು ಲ್ಯಾನ್ ಕೇಬಲ್ ಹಾಕಿದ ಹಾಗೆಯೇ. ಟೆದರಿಂಗ್‌ಗೆ ಬೇಕಾದ ಡ್ರೈವರ್ ಕರ್ನಲ್ ಜೊತೆಗೇ ಬಂದಿರುತ್ತದೆ, ಕೆಲವೇ ಸೆಕೆಂಡಿನಲ್ಲಿ ವೈರ್ಡ್ ಕನೆಕ್ಷನ್ ಅಂತ ತೋರಿಸುತ್ತದೆ. ಟೆದರಿಂಗ್ ಬಟನ್ ಮಂಕಾಗಿಯೇ ಇದ್ದರೆ ಕೇಬಲ್ ಬದಲಿಸಿ ನೋಡಿ, ಬರೀ ಚಾರ್ಜಿಂಗ್ ಕೇಬಲ್‌ಗಳಲ್ಲಿ ಡೇಟಾ ಹೋಗುವುದಿಲ್ಲ. ಆಮೇಲೆ ಮಿಂಟ್ ಮೆನುವಿನಲ್ಲಿರುವ ಡ್ರೈವರ್ ಮ್ಯಾನೇಜರ್ ತೆರೆದು ಬ್ರಾಡ್‌ಕಾಮ್ ಡ್ರೈವರ್ ಆರಿಸಿ.

ಫೋನ್ ದಾರಿ ಆಗಲಿಲ್ಲ ಅಂದರೂ ಚಿಂತೆ ಬೇಡ. ಮಿಂಟ್ ಇನ್‌ಸ್ಟಾಲ್ ಮಾಡಿದ ಪೆನ್‌ಡ್ರೈವ್ ಇನ್ನೂ ಅಳಿಸಿಲ್ಲ ತಾನೇ? ಈ ಬ್ರಾಡ್‌ಕಾಮ್ ಡ್ರೈವರ್ ಅದರೊಳಗೇ ಇದೆ! ಎಷ್ಟೋ ಜನರಿಗೆ ಇದು ಗೊತ್ತೇ ಇಲ್ಲ, ಸುಮ್ನೆ ಊರೆಲ್ಲ ಹುಡುಕುತ್ತಾರೆ. ಪೆನ್‌ಡ್ರೈವ್ ಚುಚ್ಚಿ ಡ್ರೈವರ್ ಮ್ಯಾನೇಜರ್ ತೆರೆಯಿರಿ, ಇಂಟರ್‌ನೆಟ್ ಇಲ್ಲದಿದ್ದರೆ ಅದು ಅಲ್ಲಿಂದಲೇ ಪ್ಯಾಕೇಜ್ ತೆಗೆದುಕೊಳ್ಳುತ್ತದೆ.

ಜಾಸ್ತಿ ಜನ ಎಡವುವುದು ಇದಾದ ಮೇಲೆ, ಸೆಕ್ಯೂರ್ ಬೂಟ್ (ನಂಬಿಕೆಯ ಸಹಿ ಇಲ್ಲದ ಸಾಫ್ಟ್‌ವೇರನ್ನು ಬೂಟ್ ಆಗುವಾಗ ತಡೆಯುವ ವ್ಯವಸ್ಥೆ) ವಿಷಯದಲ್ಲಿ. ಅದು ಆನ್ ಇದ್ದರೆ ಡ್ರೈವರ್ ಹಾಕುವಾಗ ಹೊಸದಾಗಿ ಒಂದು ಪಾಸ್‌ವರ್ಡ್ ಇಡಲು ಕೇಳುತ್ತದೆ, ಇಟ್ಟು ಬರೆದಿಟ್ಟುಕೊಳ್ಳಿ. ರೀಬೂಟ್ ಆದಾಗ ನೀಲಿ ಪರದೆ ಬರುತ್ತದೆ. ಗಾಬರಿಯಾಗಿ ಕಂಟಿನ್ಯೂ ಬೂಟ್ ಒತ್ತಬೇಡಿ. ಎನ್‌ರೋಲ್ ಎಂಒಕೆ (Enroll MOK, ಡ್ರೈವರ್‌ನ ಸಹಿ ಕೀ ನೋಂದಾಯಿಸುವುದು) ಆರಿಸಿ ಅದೇ ಪಾಸ್‌ವರ್ಡ್ ಕೊಡಿ. ಇಲ್ಲದಿದ್ದರೆ ಡ್ರೈವರ್ ಇನ್‌ಸ್ಟಾಲ್ ಆಗಿದ್ದರೂ ಕರ್ನಲ್ ಅದನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ.

ಇಷ್ಟಾದರೂ ವೈಫೈ ಬರದಿದ್ದರೆ ಟರ್ಮಿನಲ್‌ನಲ್ಲಿ (ಕಮಾಂಡ್ ಟೈಪ್ ಮಾಡುವ ಕಿಟಕಿ) ಆರ್‌ಎಫ್‌ಕಿಲ್ ಲಿಸ್ಟ್ (rfkill list) ಕಮಾಂಡ್ ಕೊಟ್ಟು ನೋಡಿ. ಹಾರ್ಡ್ ಬ್ಲಾಕ್ಡ್ ಮುಂದೆ ಯೆಸ್ ಇದ್ದರೆ, ಲ್ಯಾಪ್‌ಟಾಪ್‌ನ ವೈಫೈ ಕೀ ಅಥವಾ ಸ್ವಿಚ್ ಆಫ್ ಆಗಿದೆ ಅಂತ ಅರ್ಥ. ಅದನ್ನು ಆನ್ ಮಾಡಿ.